ವಾರಾನ್ನದಿಂದ ರಾಜಿಂದರ್ ನಗರದವರೆಗೆ

ಪೂಸಾ ರಸ್ತೆಗೂ ಶಂಕರ್ ರಸ್ತೆಗೂ ನಡುವೆ, ಕರೋಲ್ ಬಾಗಿಗೆ ಹೊಂದಿಕೊಂಡಂತೆ ಇರುವ ಓಲ್ಡ್ ರಾಜಿಂದರ್ ನಗರದ ಹೆಸರನ್ನು ದೆಹಲಿಯ ಕನ್ನಡಿಗರಲ್ಲಿ ಕೇಳದವರಿಲ್ಲ. ಊರಿನಿಂದ ಯಾರಾದರೂ ಫೋನು ಮಾಡಿ, "ನಮ್ಮ ಹುಡುಗ ಐ.ಎ.ಎಸ್. ಪರೀಕ್ಷೆಗೆ ಓದಲು ಬರುತ್ತಿದ್ದಾನೆ, ಸ್ವಲ್ಪ ನೋಡಿಕೊಳ್ಳಿ" ಎಂದರೆ ಆ ಹುಡುಗ ಬಹುಮಟ್ಟಿಗೆ ಅಲ್ಲಿಗೇ ಬರುತ್ತಾನೆ. 'ನೋಡಿಕೊಳ್ಳಿ' ಎಂಬ ಆ ಮಾತಿನ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಓದಲೆಂದು ಪರಊರಿಗೆ ಹೋದ ಮಕ್ಕಳ ಮನಸ್ಸನ್ನು ಯಾರು ಕಾಯಬೇಕು, ಹಿಂದೆ ಯಾರು ಕಾಯುತ್ತಿದ್ದರು, ಆ ಹೊಣೆ ಈಗ ಯಾರ ಕೈಗೆ ಬಂದಿದೆ ಎಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಸ್ಥಳದ ವಿಚಾರ. ನಮ್ಮ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರನ್ನು ಹೊತ್ತಿರುವ ಈ ಬಡಾವಣೆ ದೇಶವಿಭಜನೆಯ ಕೂಸು. 1947ರಲ್ಲಿ ಪಶ್ಚಿಮ ಪಂಜಾಬಿನಿಂದ ಮನೆಮಠ ಕಳೆದುಕೊಂಡು ಬಂದವರಿಗಾಗಿ ಕಟ್ಟಿದ ವಸತಿಗಳಲ್ಲಿ ಇದೂ ಒಂದು. 1941ರ ಜನಗಣತಿಯಲ್ಲಿ ದೆಹಲಿಯ ಜನಸಂಖ್ಯೆ ಸುಮಾರು 9 ಲಕ್ಷ 18 ಸಾವಿರ. 1951ರಲ್ಲಿ ಅದು 17 ಲಕ್ಷ 44 ಸಾವಿರ. ಹತ್ತು ವರ್ಷಗಳಲ್ಲಿ ಊರು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸುತ್ತಮುತ್ತಲಿನ ಸಂಸ್ಥೆಗಳ ಹುಟ್ಟನ್ನು ನೋಡಿದರೂ ವಲಸೆಯ ಕಥೆಯೇ. ಬಡಾವಣೆಯ ಅಂಚಿನಲ್ಲಿರುವ ಗಂಗಾರಾಮ್ ಆಸ್ಪತ್ರೆ 1921ರಲ್ಲಿ ಪ್ರಾರಂಭವಾದದ್ದು ಲಾಹೋರಿನಲ್ಲಿ. ವಿಭಜನೆಯ ತರುವಾಯ ಅದೇ ಹೆಸರಿನಲ್ಲಿ ಇಲ್ಲಿ ಮತ್ತೆ ಕಟ್ಟಲು 1951ರಲ್ಲಿ ನೆಹರೂ ಅಡಿಗಲ್ಲಿಟ್ಟರು. ಆಚೆಗಿರುವ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ' ಎಂಬ ಹೆಸರೂ ಬಿಹಾರದ ಒಂದು ಊರಿನದು. 1934ರ ಭೂಕಂಪದಲ್ಲಿ ಕಟ್ಟಡ ಬಿದ್ದ ಮೇಲೆ ಸಂಸ್ಥೆ ತನ್ನ ಹಳೆಯ ಊರಿನ ಹೆಸರನ್ನು ಕಟ್ಟಿಕೊಂಡು ದೆಹಲಿಗೆ ಬಂತು. ಆಸ್ಪತ್ರೆಗಳು, ಪ್ರಯೋಗಶಾಲೆಗಳು ಕೂಡ ಹೀಗೆ ಊರಿನ ಹೆಸರನ್ನು ಬಿಡದೆ ಹಿಡಿದಿರುವಾಗ ಮನುಷ್ಯರು ಹಿಡಿದುಕೊಂಡರೆ ಆಶ್ಚರ್ಯವೇನು?

ಅಂದು ಬಂದವರ ಮನಸ್ಸಿನ ಸ್ಥಿತಿ ಏನಾಗಿತ್ತು ಎಂಬ ಬಗ್ಗೆ ನಮ್ಮ ಮನೋವೈದ್ಯರು ಆಗ ಬರೆದದ್ದು ಅತ್ಯಲ್ಪ. ಈ ಮೌನವನ್ನೇ ಕುರಿತು ಬೆಂಗಳೂರಿನ ನಿಮ್ಹಾನ್ಸ್‌ನ ಸಂಜೀವ ಜೈನ್ ಮತ್ತು ದೆಹಲಿಯ ಅಲೋಕ್ ಸರೀನ್ ಎಂಬ ಇಬ್ಬರು ವೈದ್ಯರು 2018ರಲ್ಲಿ ಒಂದು ಗ್ರಂಥವನ್ನು ಸಂಪಾದಿಸಬೇಕಾಯಿತು. ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು 1950ರಲ್ಲಿ ಅಮೃತಸರಕ್ಕೆ ವರ್ಗಾಯಿಸಿದ ಸಂಗತಿಯನ್ನು ವೈದ್ಯಕೀಯ ಪತ್ರಿಕೆಗಳಿಗಿಂತ ಮಂಟೋ ಬರೆದ 'ಟೋಬಾ ಟೇಕ್ ಸಿಂಗ್' ಕಥೆಯಿಂದ ಬಲ್ಲವರೇ ಹೆಚ್ಚು. ಆದರೆ ಅದೇ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಒಂದು ಹೊಸ ಮಾರ್ಗವನ್ನು ತುಳಿದರು. ಆವರಣದಲ್ಲಿ ಗುಡಾರಗಳನ್ನು ಹಾಕಿಸಿ, ರೋಗಿಯ ಮನೆಯವರನ್ನು ಅವನೊಂದಿಗೇ ಇರಿಸಿಕೊಂಡು ಚಿಕಿತ್ಸೆ ಮಾಡಿದರು. ಹುಚ್ಚಾಸ್ಪತ್ರೆಯೆಂದರೆ ಬಂಧುಗಳು ಬಿಟ್ಟುಹೋಗುವ ಜಾಗ ಎಂದಿದ್ದ ಕಾಲದಲ್ಲಿ ಅದು ಸಾಮಾನ್ಯ ಕೆಲಸವಲ್ಲ. ಮುಂದೆ ನಮ್ಮ ಬೆಂಗಳೂರಿನಲ್ಲೂ ಮನೆಯವರೊಬ್ಬರು ರೋಗಿಯ ಜೊತೆಗಿರುವ ಪದ್ಧತಿ ನೆಲೆಯೂರಿತು.

ರಾಜಿಂದರ್ ನಗರಕ್ಕೆ ಬಂದ ಆ ಮೊದಲ ನಿವಾಸಿಗಳು ದುಃಖವನ್ನು ಹೊತ್ತು ಬಂದರು, ನಿಜ. ಆದರೆ ಬಹುಮಂದಿ ಕುಟುಂಬವಾಗಿ ಬಂದರು. ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ, ಪಕ್ಕದ ಮನೆಯಲ್ಲಿ ಅದೇ ಜಿಲ್ಲೆಯವರು. ಒಬ್ಬೊಬ್ಬರೇ ಬಂದವರ ಕಥೆ ಬೇರೆ. ಅದನ್ನು ತಿಳಿಯಲು ನಮ್ಮ ನಾಡಿಗೇ ಹೋಗಬೇಕು.

ಕನ್ನಡ ನಾಡಿನಲ್ಲಿ ಹೈಸ್ಕೂಲು, ಕಾಲೇಜುಗಳು ಮೈಸೂರು, ಬೆಂಗಳೂರು, ಧಾರವಾಡ, ಮಂಗಳೂರುಗಳಂಥ ನಾಲ್ಕಾರು ಊರುಗಳಲ್ಲಿ ಮಾತ್ರ ಇದ್ದ ಕಾಲದಲ್ಲಿ ಹಳ್ಳಿಯ ಹುಡುಗ ಹತ್ತು ಹನ್ನೆರಡು ವರ್ಷಕ್ಕೇ ಮನೆ ಬಿಡಬೇಕಾಗಿತ್ತು. ಅಂಥವರನ್ನು ಸಾಕಿದ ಒಂದು ಹಳೆಯ ಏರ್ಪಾಟೆಂದರೆ ವಾರಾನ್ನ. ಇಂದಿನ ತರುಣ ಓದುಗರಿಗೆ ಈ ಪದದ ಅರ್ಥವನ್ನು ಹೇಳಬೇಕಾದೀತು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಬಡ ವಿದ್ಯಾರ್ಥಿ ಊಟ ಮಾಡುತ್ತಿದ್ದ. ಐದು ಮನೆ ಸಿಕ್ಕಿ ಎರಡು ಸಿಗದಿದ್ದರೆ ಆ ಎರಡು ದಿನ ಅರೆಹೊಟ್ಟೆ. ವಾರಾನ್ನ ಉಂಡು ದೊಡ್ಡವರಾದವರ ನೆನಪುಗಳಲ್ಲಿ ಅವಮಾನವೂ ಇದೆ, ಅಕ್ಕರೆಯೂ ಇದೆ. ಜಗುಲಿಯ ಮೂಲೆಯಲ್ಲಿ ಎಲೆ ಹಾಕಿ, ತಣ್ಣಗಾದದ್ದನ್ನು ಬಡಿಸಿದ ಮನೆಗಳುಂಟು. ಪರೀಕ್ಷೆಯ ದಿನ ಮೊಸರನ್ನವನ್ನು ಕಟ್ಟಿಕೊಟ್ಟ ತಾಯಂದಿರೂ ಉಂಟು. ಇದನ್ನು ಹೊಗಳಿ ಹಾಡುವ ಉದ್ದೇಶ ನನಗಿಲ್ಲ. ಆದರೆ ಅದರೊಳಗೆ ಯಾರೂ ಬೇಕೆಂದು ಇಟ್ಟಿರದ, ತಾನಾಗಿಯೇ ಕೂಡಿಬಂದ ಒಂದು ಗುಣವಿತ್ತು. ಹುಡುಗ ಬುಧವಾರದ ಮನೆಗೆ ಬರಲಿಲ್ಲವೆಂದರೆ ಬುಧವಾರವೇ ಒಬ್ಬರಿಗೆ ಗೊತ್ತಾಗುತ್ತಿತ್ತು. ಜ್ವರವೋ, ಫೀಸು ಕಟ್ಟದೆ ತರಗತಿಯಿಂದ ಹೊರಗೆ ನಿಲ್ಲಿಸಿದರೋ, ಮನೆಯ ನೆನಪಿನಿಂದ ಮಂಕಾಗಿ ಕುಳಿತಿದ್ದಾನೋ, ವಿಚಾರಿಸಲು ಒಂದು ಮಗುವನ್ನಾದರೂ ಅಟ್ಟುತ್ತಿದ್ದರು. ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳುವ ಕೆಲಸ ಹುಡುಗನ ಪಾಲಿಗೆ ಬರುತ್ತಿರಲಿಲ್ಲ. ಖಾಲಿ ಎಲೆಯೇ ಅದನ್ನು ಹೇಳುತ್ತಿತ್ತು.

ಈ ಎಲೆ ಎಲ್ಲರಿಗೂ ಸಿಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ವಾರಾನ್ನದ ಬಾಗಿಲು ಜಾತಿಯ ಬಾಗಿಲು. ಬಹುಮಟ್ಟಿಗೆ ಬ್ರಾಹ್ಮಣ ಹುಡುಗರಿಗೆ ಬ್ರಾಹ್ಮಣರ ಮನೆ. ಮಿಕ್ಕವರು ಓದಲು ಪೇಟೆಗೆ ಬಂದರೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಈ ಪ್ರಶ್ನೆಯಿಂದಲೇ ನಮ್ಮ ವಿದ್ಯಾರ್ಥಿನಿಲಯಗಳ ಚಳವಳಿ ಬಲಗೊಂಡಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ 1897ರಲ್ಲಿ ದಲಿತವರ್ಗಗಳ ಮಿಷನ್ನನ್ನು ಸ್ಥಾಪಿಸಿ, ಶಾಲೆಗಳ ಜೊತೆಗೆ ವಸತಿಯನ್ನೂ ಒದಗಿಸಿದರು. ಸ್ವಜಾತಿಯವರ ಬಹಿಷ್ಕಾರವನ್ನು ಅದಕ್ಕೆ ಬೆಲೆಯಾಗಿ ತೆತ್ತರು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೂ ಬೋರ್ಡಿಂಗುಗಳನ್ನು ತೆರೆಸಿದರು. 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಹಳ್ಳಿಯ ಮಕ್ಕಳ ವಿದ್ಯಾಭ್ಯಾಸ, ವಸತಿಗಳೇ ಅಂಥ ಸಂಘಗಳ ಮುಖ್ಯ ಕಾರ್ಯ. ಮಠಗಳ ಉಚಿತ ಪ್ರಸಾದನಿಲಯಗಳ ವಿಷಯವನ್ನಂತೂ ಹೇಳಬೇಕಾಗಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತ ಮೇಲೆ ಸಾವಿರಾರು ಮಕ್ಕಳು, ಎಲ್ಲ ಜಾತಿಯವರೂ, ಒಂದೇ ಸಾಲಿನಲ್ಲಿ ಕುಳಿತು ಉಂಡರು.

ಹಾಸ್ಟೆಲಿನ ಕಟ್ಟಡವೊಂದಿದ್ದರೆ ಸಾಲದು, ಅದರೊಳಗೆ ಹಿರಿಯರೊಬ್ಬರಿರಬೇಕು. ಈ ಮಾತಿಗೆ ಡಾ. ಎಚ್. ನರಸಿಂಹಯ್ಯನವರಿಗಿಂತ ಬೇರೆ ನಿದರ್ಶನ ಬೇಕಿಲ್ಲ. 1930ರ ದಶಕದಲ್ಲಿ ಬಸ್ಸಿಗೆ ಕಾಸಿಲ್ಲದೆ ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದೇ ಬಂದ ಹುಡುಗ ಅವರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಆದರೆ ದಶಕಗಳ ಕಾಲ ಅವರು ವಾಸವಾಗಿದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ, ಹುಡುಗರ ನಡುವೆ. ಆಪ್ತಸಲಹೆ ಎಂಬ ಪದ ಆಗ ಬಳಕೆಯಲ್ಲಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮೇಷ್ಟರಿದ್ದರು.

ಓದಿಗಲ್ಲ, ಹೊಟ್ಟೆಪಾಡಿಗೆ ಊರು ಬಿಟ್ಟವರದೂ ಇಂಥದೇ ಕಥೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆಯಲು ಬಂದ ದಕ್ಷಿಣ ಕನ್ನಡದ ಬಾಲಕರಿಗೆ ಅಲ್ಲಿನ ಕನ್ನಡ ರಾತ್ರಿ ಶಾಲೆಗಳು ಅಕ್ಷರದ ಜೊತೆಗೆ ಗೆಳೆಯರನ್ನೂ ಕೊಟ್ಟವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿಯೇ ಉಚಿತ ರಾತ್ರಿ ಶಾಲೆಯನ್ನು ತೆರೆದಿತ್ತೆಂದರೆ ಆ ಜನರ ದೂರದೃಷ್ಟಿಯನ್ನು ಮೆಚ್ಚಬೇಕು. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್ ಒಬ್ಬಂಟಿ ನೌಕರರ ಪಾಲಿಗೆ ಊಟದ ಮನೆಯಷ್ಟೇ ಆಗಿರಲಿಲ್ಲ. ಆದರೂ ಎಲ್ಲರನ್ನೂ ಈ ಬಲೆ ಹಿಡಿದು ನಿಲ್ಲಿಸಿತೆಂದು ಹೇಳಲಾಗದು. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂದಾಗ, ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ದೊಡ್ಡ ಹುದ್ದೆಗೇರಿದವನ ಎದೆಯೊಳಗಿನ ದಿಗಿಲು ಎಂಥದೆಂದು ಕನ್ನಡ ಓದುಗರು ಬೆಚ್ಚಿಬಿದ್ದು ನೋಡಿದರು.

ದೆಹಲಿಗೆ ಬಂದ ಹಿಂದಿನ ತಲೆಮಾರಿನ ಕನ್ನಡಿಗರು ಹೆಚ್ಚಾಗಿ ಸರ್ಕಾರಿ ನೌಕರರು. ಒಂದು ರೂಮನ್ನು ಇಬ್ಬರು ಮೂವರು ಹಂಚಿಕೊಂಡು, ಸರದಿಯ ಮೇಲೆ ಅನ್ನ ಬೇಯಿಸಿಕೊಂಡು, ಮದುವೆಯಾದ ಮೇಲೆ ಕ್ವಾರ್ಟರ್ಸಿಗಾಗಿ ಕಾದವರು. ಅಂಥವರಿಗೆ ಭಾನುವಾರ ಸಂಜೆ ಕನ್ನಡ ಮಾತಾಡಲು ಒಂದು ಜಾಗ ಬೇಕಾಗಿತ್ತು. 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘದ ಬೇರು ಇರುವುದು ಆ ಅಗತ್ಯದಲ್ಲಿ. ನಾಟಕ, ರಾಜ್ಯೋತ್ಸವಗಳೆಲ್ಲ ಅದರ ಹೂವು, ಹಣ್ಣು. ಅವರಿಗೆ ಸಂಬಳವಿತ್ತು, ಕಚೇರಿಯಿತ್ತು. ಒಂದು ದಿನ ಕಚೇರಿಗೆ ಹೋಗದಿದ್ದರೆ ಪಕ್ಕದ ಮೇಜಿನವನಿಗೆ ತಿಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ವೈದ್ಯಶಾಸ್ತ್ರದ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಊರಿನ ಹಂಬಲವನ್ನು ಕಾಯಿಲೆಯೆಂದು ಮೊದಲು ಕರೆದವನು ಯೋಹಾನ್ನೆಸ್ ಹೋಫರ್. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಆತ ಗ್ರೀಕಿನ 'ಹಿಂದಿರುಗುವಿಕೆ', 'ನೋವು' ಎಂಬ ಎರಡು ಪದಗಳನ್ನು ಕೂಡಿಸಿ 'ನಾಸ್ಟಾಲ್ಜಿಯ' ಎಂಬ ಹೆಸರನ್ನು ಕಟ್ಟಿದ. ಈ ಪದವನ್ನು ಸಾಮಾನ್ಯವಾಗಿ ಕೂಲಿ ಸೈನಿಕರೊಂದಿಗೆ ಸೇರಿಸಿ ಹೇಳುತ್ತಾರೆ. ಆದರೆ ಹೋಫರ್ ವರ್ಣಿಸಿದ ರೋಗಿಗಳಲ್ಲಿ ಒಬ್ಬ, ಬರ್ನ್ ನಗರದಿಂದ ಬಾಸೆಲ್ಲಿಗೆ ಓದಲು ಬಂದ ವಿದ್ಯಾರ್ಥಿ! ಜ್ವರ ಹತ್ತಿ, ದಿನೇದಿನೇ ಕೃಶನಾಗಿ, ಬದುಕುವುದಿಲ್ಲವೆಂಬ ಸ್ಥಿತಿಗೆ ಬಂದವನು, ಊರಿಗೆ ಕಳಿಸುತ್ತೇವೆಂದು ಹೇಳಿದೊಡನೆ ಚೇತರಿಸಿಕೊಳ್ಳತೊಡಗಿದನಂತೆ. ದಾರಿಯಲ್ಲೇ ಅರ್ಧ ಗುಣವಾದನಂತೆ. ಮುನ್ನೂರು ವರ್ಷಕ್ಕೂ ಹಿಂದಿನ ಆ ಹುಡುಗನನ್ನು ಊರಿಗೆ ಕಳಿಸಬಹುದಾಗಿತ್ತು. ಇಂದಿನವನಿಗೆ ಹಿಂದಿರುಗುವುದೇ ಸೋಲು.

ಇನ್ನೊಂದು ಪ್ರಸಂಗ ಲಂಡನ್ನಿನದು. ಚಾಡ್ ವಾರಾ ಎಂಬ ಪಾದ್ರಿ 1953ರಲ್ಲಿ ತನ್ನ ಚರ್ಚಿನಲ್ಲಿ ಒಂದು ಟೆಲಿಫೋನನ್ನಿಟ್ಟು, ಜೀವನ ಬೇಡವೆನಿಸಿದವರು ತನಗೆ ಫೋನು ಮಾಡಬಹುದೆಂದು ಸಾರಿದ. ಜನ ನೇರವಾಗಿಯೂ ಬಂದು ಸಾಲುಗಟ್ಟಿದರು. ಕಾಯುತ್ತಿದ್ದವರಿಗೆ ಚಹಾ ಕೊಟ್ಟು ಮಾತಾಡಿಸಲು ಕೆಲವು ಸ್ವಯಂಸೇವಕರು ಸೇರಿಕೊಂಡರು. ಸ್ವಲ್ಪ ದಿನದಲ್ಲೇ ವಾರಾಗೆ ಒಂದು ವಿಚಿತ್ರ ಕಂಡುಬಂತು: ಚಹಾ ಕುಡಿದವರಲ್ಲಿ ಅನೇಕರು ಅವನನ್ನು ನೋಡದೆಯೇ ಹಗುರಾಗಿ ಎದ್ದು ಹೋಗುತ್ತಿದ್ದರು. ಪಾಂಡಿತ್ಯಕ್ಕಿಂತ ಪಕ್ಕದಲ್ಲಿ ಕುಳಿತು ಕೇಳುವವರೇ ಬಹುಮಂದಿಗೆ ಬೇಕಾಗಿದ್ದದ್ದು. ಅವನು 1954ರಲ್ಲಿ ಆ ಕೆಲಸವನ್ನೇ ಸ್ವಯಂಸೇವಕರ ಕೈಗೆ ಬಿಟ್ಟುಕೊಟ್ಟ. ನಮ್ಮ ದೇಶದಲ್ಲಿ ಇದೇ ದಾರಿಯಲ್ಲಿ 1986ರಲ್ಲಿ ಮದ್ರಾಸಿನಲ್ಲಿ 'ಸ್ನೇಹಾ', ಆ ದಶಕದ ಕೊನೆಯಲ್ಲಿ ದೆಹಲಿಯಲ್ಲಿ 'ಸುಮೈತ್ರಿ' ಆರಂಭವಾದವು. (ಚಹಾ ಕೊಡುವ ವಿದ್ಯೆಯನ್ನು ನಮಗೆ ಲಂಡನ್ನಿನವರು ಕಲಿಸಬೇಕಾಗಿತ್ತೇ ಎಂದು ಓದುಗರು ನಕ್ಕರೆ ತಪ್ಪಿಲ್ಲ.)

ಮತ್ತೆ ರಾಜಿಂದರ್ ನಗರಕ್ಕೆ ಬರೋಣ. ಅಲ್ಲಿಗೆ ನಮ್ಮ ಹುಡುಗರನ್ನು ಕರೆತಂದ ದಾರಿಯಲ್ಲಿ ಒಂದು ಒಳ್ಳೆಯ ಸುಧಾರಣೆಯೂ ಇದೆ. ಭೌತವಿಜ್ಞಾನಿ ಡಿ.ಎಸ್. ಕೊಠಾರಿಯವರ ಸಮಿತಿ 1976ರಲ್ಲಿ ಮಾಡಿದ ಶಿಫಾರಸಿನ ಮೇಲೆ ಸಿವಿಲ್ ಸರ್ವಿಸ್ ಪರೀಕ್ಷೆಯ ಸ್ವರೂಪ 1979ರಲ್ಲಿ ಬದಲಾಯಿತು. ಮುಖ್ಯ ಪರೀಕ್ಷೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವ ಭಾಷೆಯಲ್ಲಾದರೂ, ಎಂದರೆ ಕನ್ನಡದಲ್ಲೂ, ಬರೆಯಬಹುದಾಯಿತು. ಕಾನ್ವೆಂಟಿನ ಮಕ್ಕಳ ಸೊತ್ತಾಗಿದ್ದ ಪರೀಕ್ಷೆಯ ಬಾಗಿಲು ಹಳ್ಳಿಯ ಮಕ್ಕಳಿಗೆ ತೆರೆಯಿತು. ಬಾಗಿಲು ತೆರೆದಷ್ಟೂ ನೂಕುನುಗ್ಗಲು, ನೂಕುನುಗ್ಗಲಾದಷ್ಟೂ ಕೋಚಿಂಗ್. 2005ರ ಡಿಸೆಂಬರ್ 31ರಂದು ಕರೋಲ್ ಬಾಗಿಗೆ ಮೆಟ್ರೋ ಬಂತು. ನಿರಾಶ್ರಿತರ ಪುಟ್ಟ ಮನೆಗಳಿದ್ದ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಎದ್ದು, ಮಹಡಿಗಳು ರೂಮುಗಳಾಗಿ, ರೂಮುಗಳು ಹಲಗೆಯಿಂದ ಎರಡಾಗಿ ಒಡೆದವು. ದಲ್ಲಾಳಿಗೆ ಒಂದು ದುಡ್ಡು, ಮನೆಯೊಡೆಯನಿಗೆ ಮುಂಗಡ, ಕೋಚಿಂಗಿಗೆ ಲಕ್ಷದ ಮೇಲೆ, ಕುಳಿತು ಓದುವ ಕುರ್ಚಿಗೂ ತಿಂಗಳ ಬಾಡಿಗೆ.

ಪರೀಕ್ಷೆಯ ಲೆಕ್ಕವನ್ನೂ ನೋಡಬೇಕು. 2023ರ ಸಿವಿಲ್ ಸರ್ವಿಸ್ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850 ಮಂದಿ. ಪ್ರಿಲಿಮಿನರಿ ಬರೆದವರು 5,92,141. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,624. ಸಂದರ್ಶನಕ್ಕೆ 2,855. ಕೊನೆಗೆ ಆಯ್ಕೆಯಾದವರು 1,016. ಕುಳಿತು ಬರೆದ 580 ಜನಕ್ಕೆ ಒಬ್ಬರು. ಸಂದರ್ಶನದಲ್ಲಿ ಬಿಟ್ಟುಹೋದವನೂ ಮರುವರ್ಷ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು. ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ ಆರು ಅವಕಾಶ. ಹಿಂದುಳಿದ ವರ್ಗದವರಿಗೆ, ಪರಿಶಿಷ್ಟರಿಗೆ ಇನ್ನೂ ಹೆಚ್ಚು. ಹೀಗೆ ಯೌವನದ ಐದಾರು ವರ್ಷ ಕಳೆಯುತ್ತದೆ. ಊರಿನ ಗೆಳೆಯರು ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳ ನಾಮಕರಣದ ಪಟ ಕಳಿಸುತ್ತಿರುತ್ತಾರೆ. ಇಲ್ಲಿನ ಗೆಳೆಯ ಪ್ರತಿಸ್ಪರ್ಧಿಯೂ ಹೌದು. ಫಲಿತಾಂಶ ಬಂದ ದಿನ ಒಂದೇ ರೂಮಿನ ಇಬ್ಬರು ಎರಡು ಲೋಕದವರಾಗುತ್ತಾರೆ.

ರಾತ್ರಿ ತಾಯಿ ಫೋನು ಮಾಡಿ "ಊಟ ಆಯ್ತೇನಪ್ಪಾ?" ಎನ್ನುತ್ತಾಳೆ. ನಮ್ಮ ಭಾಷೆಯಲ್ಲಿ ಮನಸ್ಸು ಹೇಗಿದೆಯೆಂದು ಕೇಳುವ ಬಗೆಯೇ ಅದು. "ಆಯ್ತಮ್ಮಾ" ಎನ್ನುತ್ತಾನೆ ಮಗ. ಜಮೀನು ಅಡವಿಟ್ಟು ಹಣ ಕಳಿಸಿದ ಮನೆಗೆ ಬೇರೇನು ಹೇಳಿಯಾನು? ಏಳು ಮನೆಯ ವಾರಾನ್ನದಲ್ಲಿ ಈ ಸುಳ್ಳು ನಡೆಯುತ್ತಿರಲಿಲ್ಲ.

2023ರ ಜೂನ್ 15ರಂದು ಮುಖರ್ಜಿ ನಗರದ ಕೋಚಿಂಗ್ ಕಟ್ಟಡಕ್ಕೆ ಬೆಂಕಿ ಬಿದ್ದು ವಿದ್ಯಾರ್ಥಿಗಳು ಕಿಟಕಿಯಿಂದ ತಂತಿ ಹಿಡಿದು ಇಳಿದರು. 2024ರ ಜುಲೈ 27ರ ಸಂಜೆ ಓಲ್ಡ್ ರಾಜಿಂದರ್ ನಗರದ ಒಂದು ಕೋಚಿಂಗ್ ಸಂಸ್ಥೆಯ ನೆಲಮಾಳಿಗೆಯ ವಾಚನಾಲಯಕ್ಕೆ ಮಳೆಯ ನೀರು ನುಗ್ಗಿ ಮೂವರು ಮಡಿದರು. ಮೂವರೂ ಬೇರೆ ರಾಜ್ಯಗಳಿಂದ ಓದಲು ಬಂದವರು. ಆಮೇಲೆ ವಿದ್ಯಾರ್ಥಿಗಳು ದಿನಗಟ್ಟಲೆ ಬೀದಿಯಲ್ಲಿ ಧರಣಿ ಕುಳಿತರು. ಅವರು ಕೇಳಿದ್ದರಲ್ಲಿ ಚರಂಡಿ, ಬೆಂಕಿ, ವಿದ್ಯುತ್ತುಗಳ ಸುರಕ್ಷತೆಯೊಂದಿಗೆ ಮನೆಬಾಡಿಗೆಯ ಮಾತೂ ಇತ್ತೆಂಬುದು ಗಮನಾರ್ಹ. ನೆಲಮಾಳಿಗೆಯ ಸಾವು ಪತ್ರಿಕೆಗೆ ಬರುತ್ತದೆ, ಬಾಗಿಲು ಹಾಕಿಕೊಂಡ ರೂಮಿನೊಳಗಿನ ಸಂಕಟ ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. ಇವೆಲ್ಲಕ್ಕೂ ಪರೀಕ್ಷೆಯೊಂದೇ ಕಾರಣವೆಂದು ಹೇಳುವುದು ತಪ್ಪು; ಇಂಥ ಸಾವಿಗೆ ಒಂದೇ ಕಾರಣವಿರುವುದೂ ಅಪರೂಪ. ಆದರೂ ಸಂಖ್ಯೆ ಸಂಖ್ಯೆಯೇ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಮಾನಸಿಕ ಆರೋಗ್ಯವು ಬದುಕುವ ಹಕ್ಕಿನ ಭಾಗವೇ ಎಂದು ಹೇಳಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಒಬ್ಬ ಅರ್ಹ ಆಪ್ತಸಲಹೆಗಾರರನ್ನಾದರೂ ಇಟ್ಟುಕೊಳ್ಳಬೇಕೆಂದು ಸೂಚಿಸಿತು. ಕೋಚಿಂಗ್ ಸಂಸ್ಥೆಗಳನ್ನೂ ಈ ಸೂಚನೆಗಳಿಗೆ ಒಳಪಡಿಸಿತು.

ಈ ಚರಿತ್ರೆಯಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಎಳೆ ಇದೆ. ಮೈಸೂರು ಸಂಸ್ಥಾನ 1937ರಲ್ಲಿ ಹೊಸೂರು ರಸ್ತೆಯಲ್ಲಿ ಕಟ್ಟಿಸಿದ ಮಾನಸಿಕ ಆಸ್ಪತ್ರೆಯ ಪಕ್ಕದಲ್ಲಿ 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಂದು ಬಂತು. ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು ಸಕಲವಾರದಂಥ ಹಳ್ಳಿಗಳಿಗೆ ಹೋಗಿ, ಆಮೇಲೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಸಾಮಾನ್ಯ ಆರೋಗ್ಯ ಕೇಂದ್ರದ ಡಾಕ್ಟರೇ ಮನಸ್ಸಿನ ಕಾಯಿಲೆಗೂ ಔಷಧ ಕೊಡುವ ಕ್ರಮವನ್ನು ನಡೆಸಿ ತೋರಿಸಿದರು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2022ರ ಅಕ್ಟೋಬರ್ 10ರಂದು ಅದೇ ನಿಮ್ಹಾನ್ಸ್‌ನ ನೇತೃತ್ವದಲ್ಲಿ 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆ ಆರಂಭವಾಯಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನು ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡಬಹುದು. "ತಲೆ ಕೆಟ್ಟಹಾಗಾಗಿದೆ", "ಯಾಕೋ ಬೇಜಾರು" ಎಂಬುದನ್ನು ಇಂಗ್ಲಿಷಿಗೋ ಹಿಂದಿಗೋ ತಿರುಗಿಸದೆ ಹೇಳಬಹುದೆಂಬುದು ಸಣ್ಣ ಸಂಗತಿಯಲ್ಲ. ಈ ಸಂಖ್ಯೆಯನ್ನು ಮಕ್ಕಳ ಫೋನಿನಲ್ಲಿ ಬರೆಸಿಡಿ. ನಿದ್ರೆ, ಊಟ ಬಿಟ್ಟವನನ್ನು, ಬದುಕು ಬೇಡವೆಂದು ಮಾತಿನಲ್ಲಿ ಸುಳಿವು ಕೊಟ್ಟವನನ್ನು ಒಂಟಿಯಾಗಿ ಬಿಡದೆ ಡಾಕ್ಟರ ಬಳಿಗೆ ಕರೆದೊಯ್ಯಿರಿ. ಇದು ಉಪದೇಶದಿಂದ ವಾಸಿಯಾಗುವ ವಿಷಯವಲ್ಲ.

ಆದರೆ ಫೋನಿನ ಒಂದು ಮಿತಿಯನ್ನು ಹೇಳಲೇಬೇಕು. ಅದನ್ನು ಎತ್ತಿ ಸಂಖ್ಯೆ ಒತ್ತಬೇಕಾದವನು ಸಂಕಟದಲ್ಲಿರುವ ಹುಡುಗನೇ. ಬುಧವಾರದ ಮನೆಯಾಕೆಗೆ ಅವನು ಫೋನು ಮಾಡಬೇಕಾಗಿರಲಿಲ್ಲ. ಈಗಿನ ದೆಹಲಿಯಲ್ಲಿ ವಾರಾನ್ನವನ್ನು ಮರಳಿ ತರುವುದು ಆಗುವ ಮಾತಲ್ಲ, ಅದರ ಜಾತಿಯ ಬಾಗಿಲು ಮರಳಿ ಬರಬೇಕಾಗಿಯೂ ಇಲ್ಲ. ಆದರೆ ಕರೋಲ್ ಬಾಗ್, ಪಟೇಲ್ ನಗರ, ರಾಜಿಂದರ್ ನಗರಗಳ ಸುತ್ತ ಕನ್ನಡದ ಮನೆಗಳಿವೆ. ಸಮಾಜ ಕಲ್ಯಾಣ ಇಲಾಖೆಯ ನೆರವಿನಿಂದ ಬರುವ ಮಕ್ಕಳೂ, ಸ್ವಂತ ಖರ್ಚಿನಲ್ಲಿ ಬರುವವರೂ ಪ್ರತಿವರ್ಷ ಇದ್ದೇ ಇರುತ್ತಾರೆ. ತಿಂಗಳಿಗೊಮ್ಮೆಯಾದರೂ ಎಂಟು ಹತ್ತು ಮಂದಿಯನ್ನು ಹೆಸರು ಹಿಡಿದು ಊಟಕ್ಕೆ ಕರೆಯುವ ಮನೆಗಳು ಹತ್ತು ಸಿಕ್ಕರೂ ಬರದವನಾರೆಂದು ತಿಳಿಯಲು ಒಂದು ಪಟ್ಟಿಯಾಗುತ್ತದೆ. ಪರೀಕ್ಷೆಯ ವಿಷಯವನ್ನು ಆ ಮನೆಗಳಲ್ಲಿ ಎತ್ತಕೂಡದೆಂಬ ಕರಾರು ಇದ್ದರೆ ಇನ್ನೂ ವಾಸಿ. ಭಾನುವಾರ ಬೆಳಿಗ್ಗೆ ಅವರಿಗೆ ಸಾಮಾನ್ಯವಾಗಿ ಮಾದರಿ ಪರೀಕ್ಷೆ ಇರುತ್ತದಂತೆ; ಆದ್ದರಿಂದ ಮಧ್ಯಾಹ್ನ ಎರಡು ಗಂಟೆಯ ನಂತರ ಎಲೆ ಹಾಕುವುದು ಅನುಕೂಲ.